ಹನ್ನೊಂದನೇ ನಂಬರಿನ ನಿಂಬೆಹಣ್ಣು

ಹಿಂಗಾರಿ ಜೋಳದ ಎಳೆ ತೆನೆ ಸುಟ್ಟು ಸೀತನಿ ತಿನ್ನುವ ಕಾಲ. ಮುಂಜಾನೆ ಹೊತ್ತು, ಬಿಸಿಲು ಇನ್ನೂ ನಾರಾಯಣಪುರದ ಕ್ವಾರ್ಟರ್ಸಿನ ತಗಡು ಮುಟ್ಟಿರಲಿಲ್ಲ. ನಾನು ಅಂಗಳದಲ್ಲಿ ಕುಂತು ಬೇವಿನಕಡ್ಡಿ ಜಗಿಯುತ್ತಿದ್ದೆ. ಶಹಾಪುರದ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂದು ರಂಗಣ್ಣನ ಮನೆ ಮುಂದೆ ನಿಂತಿತು. ಟ್ರೇಲರಿನಲ್ಲಿ ಗೋಣಿತಟ್ಟು ಹೊದಿಸಿದ ಏನೋ ಒಂದು ವಸ್ತು. ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮೆರವಣಿಗೆಯ ಮದುಮಗನ ಹಾಗೆ ಕುಂತಿದ್ದವನು ಚಂದ್ರಾಮಪ್ಪ.

ಚಂದ್ರಾಮಪ್ಪ ಸಿಮೆಂಟ್ ಪೈಪಿನ ಸಾವುಕಾರ. ಕಾಲುವೆ ತೋಡುವಾಗ ಶಹಾಪುರದ ಕಡೆಯ ತೂಬುಗಳಿಗೆಲ್ಲ ಪೈಪು ಕೊಟ್ಟವನು ಅವನೇ. ಎರಡು ಮಳೆಗಾಲ ಕಳೆಯುವುದರೊಳಗೆ ಅರ್ಧ ಪೈಪು ಬಿರುಕು ಬಿಟ್ಟವು. ಆ ಮನುಷ್ಯನ ಬಗ್ಗೆ ಒಂದು ಒಳ್ಳೆಯ ಮಾತು ಹೇಳೋಣವೆಂದರೆ ನನಗೆ ನೆನಪು ಕೈಕೊಡುತ್ತದೆ. ಉಳಿದದ್ದೆಲ್ಲ ಚೆನ್ನಾಗಿ ನೆನಪಿದೆ.

ರಂಗಣ್ಣ ಕಾಲುವೆ ಆಫೀಸಿನ ಡ್ರಾಫ್ಟ್ಸ್‌ಮನ್. ನಕ್ಷೆ ಬರೆಯುವುದು ಅವನ ಕೆಲಸ, ಅವನು ಬರೆದ ನಕ್ಷೆಗೆ ಬಿಸಿಲು ತೋರಿಸಿ ನೀಲಿ ಕಾಗದದ ಮೇಲೆ ನಕಲು ತೆಗೆಯುವುದು ನನ್ನ ಕೆಲಸ. ವಯಸ್ಸಿನಲ್ಲಿ ನಾನು ದೊಡ್ಡವನು, ಪಗಾರದಲ್ಲಿ ಅವನು. ಹಾಗಾಗಿ ಅವನು ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದ.

"ಯಂಕಣ್ಣ, ಬಾ ಇಲ್ಲಿ. ಕೈ ಹಚ್ಚು," ಎಂದ.

ಇಳಿಸಿದೆವು. ಗೋಣಿತಟ್ಟು ತೆಗೆದ ಮೇಲೆ ನೋಡಿದರೆ ಗುರುತಿನ ಮಾಲು. ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಒಂದು ಕಬ್ಬಿಣದ ತಟ್ಟೆ. ತಟ್ಟೆಗೆ ಬಾಗಿಲಿಗಿರುವಂಥ ಕೀಲು. ಕೀಲಿನಿಂದ ಮುಂದಕ್ಕೆ ಚಾಚಿದ ಉದ್ದನೆಯ ತೋಳು, ತೋಳಿನ ತುದಿಗೆ ಬಾಯಿ ಬೆಸೆದ ಡಾಲ್ಡಾ ಡಬ್ಬಿ. ಹೊಲದ ಕಾಲುವೆ ತುಂಬಿದರೆ ಡಬ್ಬಿ ತೇಲಿ ಮೇಲೇಳುತ್ತದೆ, ತೋಳು ಏಳುತ್ತದೆ, ತಟ್ಟೆ ತಾನಾಗಿ ಬಂದು ಪೈಪಿನ ಬಾಯಿ ಮುಚ್ಚುತ್ತದೆ. ನೀರು ಇಳಿದರೆ ಬಾಯಿ ಮತ್ತೆ ತೆರೆಯುತ್ತದೆ. ನೀರಿನ ಪಾಳಿ ಬಂದ ರೈತ ಹೊಲದಲ್ಲಿ ಕಂಬಳಿ ಹೊದ್ದು ಕುಂತು ಕಾಯಬೇಕಾಗಿಲ್ಲ.

ಇದನ್ನು ಮಾಡಿದವನು ಅಮೀನುದ್ದೀನ, ಶಹಾಪುರದ ಲೋಹಾರ. ಸುರಪುರ ರಸ್ತೆಗೆ ಅವನ ಕುಲುಮೆ. ಟ್ರ್ಯಾಕ್ಟರು ಬಂದ ಮೇಲೆ ಬಂಡಿಗಾಲಿಗೆ ಪಟ್ಟಿ ಹಾಕಿಸುವವರು, ಕುಂಟೆಯ ಕುಡ ಬಡಿಸುವವರು ಕಡಿಮೆಯಾಗಿ ಅವನ ಒಲೆ ಆರುವ ಹಾಗಾಗಿತ್ತು. ಆಗ ಈ ಗೇಟು ಅವನ ತಲೆಗೆ ಹೊಳೆಯಿತು. ಕೆಡಿಸಿ ಕಟ್ಟಿ, ಕೆಡಿಸಿ ಕಟ್ಟಿ ಕಡೆಗೊಂದು ದಿನ ನಿಲ್ಲಿಸಿದ. ಆಮೇಲೆ ಅವನ ಮನೆ ನಡೆಯುತ್ತಿದ್ದುದೇ ಈ ಗೇಟಿನ ಮೇಲೆ.

"ಇದು ಅಮೀನುದ್ದೀನನ ಗೇಟ್ ಅಲ್ಲೇನ್ರಿ ಸಾವ್ಕಾರ್ರ?" ಎಂದೆ.

"ಆಗಿತ್ತು," ಎಂದ ಚಂದ್ರಾಮಪ್ಪ. "ಇನ್ನ ಮ್ಯಾಲ ನಂದು. ಹಸಿರು ಬಣ್ಣ ಹಚ್ಚಿಸೀನಿ, ಕಾಣಸಂಗಿಲ್ಲೇನು?"

"ಬಣ್ಣ ಹಚ್ಚಿದ್ರ ನಿಮ್ದು ಆಗತದೇನ್ರಿ?"

"ಪೇಟೆಂಟ್ ತಗೊಂಡ್ರ ಆಗತದ. ಮದ್ರಾಸಿನ್ಯಾಗ ಆಫೀಸ್ ಅದ. ಯಾರ ಹೆಸರು ಅಲ್ಲಿ ಮೊದಲ ಬೀಳತದ, ಮಾಲು ಅವರದು. ಆಮ್ಯಾಲ ಆ ಲೋಹಾರ ಇಂಥದೊಂದು ಬಡದ್ರೂ ಕೋರ್ಟಿಗೆ ಎಳದು ಕುಲುಮಿಗೆ ನೀರು ಹಾಕಸ್ತೀನಿ."

"ಮತ್ತ ಅವಾ ಹೊಟ್ಟಿಗೇನ್ ಮಾಡಬೇಕ್ರಿ?"

"ಎತ್ತಿಗೆ ಲಾಳ ಬಡೀಲಿ. ಇಲ್ಲಾಂದ್ರ ನನ್ನ ಕೈಯಾಗ ಕೂಲಿ ಬರಲಿ. ನಾ ಏನ್ ಒಲ್ಲೆ ಅಂತೀನೇನು?"

ಹೀಗೆಂದು, ಈಗಷ್ಟೇ ಅನ್ನದಾನ ಮಾಡಿ ಎದ್ದವನ ಮುಖ ಮಾಡಿಕೊಂಡ. ಹುಟ್ಟಿದಾಗಿನಿಂದ ಹೊಸತೇನನ್ನೂ ಮಾಡಿದವನಲ್ಲ. ಸಿಮೆಂಟ್ ಪೈಪಿಗೆ ಅವನು ಹೊಸದಾಗಿ ಸೇರಿಸಿದ್ದೆಂದರೆ ಹಳ್ಳದ ಉಸುಕು. ಇಂಥವನು ಕಂಡುಹಿಡಿದವನಾಗಲು ಹೊರಟಿದ್ದ.

ಮದ್ರಾಸಿನಲ್ಲಿ ಅವನು ಒಬ್ಬ ಪೇಟೆಂಟ್ ಏಜೆಂಟನನ್ನು ಹಿಡಿದಿದ್ದ. ನಕ್ಷೆ ಹೇಗಿರಬೇಕೆಂದು ಆ ಏಜೆಂಟ ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದ. ರಂಗಣ್ಣ ಅದನ್ನು ಓದಿ ಹೇಳುತ್ತ ಹೋದ ಹಾಗೆ ಅವನ ಮೂಗು ಮೇಲೇರುತ್ತ ಹೋಯಿತು.

"ಕರೀ ಶಾಯಿ ಬಿಟ್ಟು ಬ್ಯಾರೆ ಬಣ್ಣ ಇರಬಾರದಂತ. ಒಂದೊಂದು ಭಾಗಕ್ಕ ಒಂದೊಂದು ನಂಬರ್ ಅಷ್ಟ ಹಾಕಬೇಕು, ಅದರ ಹೆಸರು ಬರೀಬಾರದಂತ. ಅಳತಿ ಬರೀಬಾರದಂತ! ಅಳತಿ ಇಲ್ಲದ ನಕ್ಷಾ ನಕ್ಷಾ ಏನ್ರಿ? ಅಂಗಳದಾಗಿನ ರಂಗೋಲಿ ಛಲೋ ಅದಕ್ಕಿಂತ."

"ನನ್ನ ಫೋಟೋ ಎಲ್ಲಿ ಬರತದ?" ಎಂದ ಚಂದ್ರಾಮಪ್ಪ.

"ಫೋಟೋ ಎಲ್ಲಿದು ಸಾವ್ಕಾರ್ರ. ಕೆಳಗ ಮೂಲ್ಯಾಗ ಸಹಿ ಅಷ್ಟ."

"ಗೇಟಿನ ಬಾಜೂಕ ನಿಂತಂಗ ಬರೀಬಾರದೇನು? ಎಷ್ಟು ದೊಡ್ಡದದ ಅಂತ ಅವರಿಗೂ ಗೊತ್ತಾಗತದ."

"ನೀವು ನಿಂತ್ರ ನಿಮಗೂ ನಂಬರ್ ಹಾಕಬೇಕಾಗತದ ನೋಡ್ರಿ," ಎಂದ ರಂಗಣ್ಣ.

ಈಗ ನಿಂಬೆಹಣ್ಣಿನ ವಿಷಯ ಹೇಳಬೇಕು.

ಚಂದ್ರಾಮಪ್ಪನಿಗೆ ಜಗತ್ತೆಲ್ಲ ತನ್ನ ಮೇಲೆ ಕಣ್ಣು ಹಾಕಿದೆ ಎಂಬ ಭ್ರಮೆ. ಅವನ ಲಾರಿಗೆ ನಿಂಬೆಹಣ್ಣು, ಅಂಗಡಿಯ ಶಟರಿಗೆ ನಿಂಬೆಹಣ್ಣು, ತಿಜೋರಿಗೆ ನಿಂಬೆಹಣ್ಣು. ಕಡೆಗೆ ಮನೆಗೆ ಹೊಸದಾಗಿ ಬಂದ ಟೆಲಿಫೋನಿಗೂ ಒಂದು ಕಟ್ಟಿಸಿದ್ದ, ರಿಂಗಾದಾಗಲೆಲ್ಲ ಅದು ಕುಣಿಯುತ್ತಿತ್ತಂತೆ. ಅಮೀನುದ್ದೀನನ ಕಡೆಯಿಂದ ಈ ಗೇಟು ಕೊಂಡು ತಂದ ದಿನವೇ ಅದರ ತೋಳಿನ ತುದಿಗೂ ಕರಿದಾರದಲ್ಲಿ ಒಂದು ನಿಂಬೆಹಣ್ಣು ಕಟ್ಟಿಸಿದ್ದ. ನಿಂಬೆಹಣ್ಣಿನ ಮೇಲೆ ಸಾಲಾಗಿ ಚುಚ್ಚಿದ ಹಸಿಮೆಣಸಿನಕಾಯಿ. ಡಬ್ಬಿಯ ಪಕ್ಕದಲ್ಲೇ ಜೋತುಬಿದ್ದಿತ್ತು.

ರಂಗಣ್ಣನಿಗೆ ಬೇರೆ ತರದ ಹುಚ್ಚು. ಹಿಂದೊಮ್ಮೆ ಮರಿಗಾಲುವೆಯೊಂದರ ನಕ್ಷೆ ಬರೆಯುವಾಗ, ದಾರಿಯಲ್ಲಿದ್ದ ಹನುಮಪ್ಪನ ಕಟ್ಟೆಯನ್ನು ಅವನು ಬಿಟ್ಟಿದ್ದ. ಅಗೆಯುವ ಮಂದಿ ಕಟ್ಟೆಯ ಬುಡಕ್ಕೇ ಗುದ್ದಲಿ ತಂದರು. ಊರವರು ಕಟ್ಟೆಯ ಮೇಲೆ ಕುಂತುಬಿಟ್ಟರು. ಕಾಲುವೆಯನ್ನು ಡೊಂಕು ಮಾಡಿ ಒಯ್ಯಬೇಕಾಯಿತು, ಮೇಲಿನ ಸಾಹೇಬರು ರಂಗಣ್ಣನ ಬಡ್ತಿ ತಡೆದರು. ಅಂದಿನಿಂದ ಅವನು ಕಣ್ಣಿಗೆ ಬಿದ್ದದ್ದನ್ನೆಲ್ಲ ನಕ್ಷೆಗೆ ಇಳಿಸತೊಡಗಿದ. ಬೇವಿನ ಮರ, ಒಣಹಾಕಿದ ಧೋತರ, ದಂಡೆಗೆ ಕಟ್ಟಿದ ಆಡು, ಎಲ್ಲವೂ ನಕ್ಷೆಯಲ್ಲಿ. ಪಕ್ಕದಲ್ಲಿ 'ಆಡು' ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿದ್ದುದರಿಂದ ಇಂಜಿನಿಯರರು ನಕ್ಕು ಅಳಿಸಿ ಹಾಕುತ್ತಿದ್ದರು. ಕೆಲಸ ನಡೆದುಹೋಗುತ್ತಿತ್ತು.

ಇಲ್ಲಿ ಹೆಸರು ಬರೆಯುವಂತಿರಲಿಲ್ಲ.

ನಾನು, ಕಾಗದದ ಬದಲು ನಕ್ಷೆ ಬರೆಯುವ ತೆಳು ಬಟ್ಟೆಯನ್ನು ಹಲಗೆಗೆ ಬಿಗಿದು, ಶಾಯಿ ಹಿಡಿಯಲೆಂದು ಸೀಮೆಸುಣ್ಣದ ಪುಡಿ ಉಜ್ಜಿದೆ. ರಂಗಣ್ಣ ಗೇಟಿನ ಸುತ್ತ ಒಂದು ಸುತ್ತು ಹಾಕಿ ಪೆನ್ಸಿಲ್ ಚೂಪು ಮಾಡಿಕೊಂಡು ಕುಂತ. ನಿಂಬೆಹಣ್ಣನ್ನೂ ಬರೆಯಲು ಶುರುಮಾಡಿದಾಗ ನಾನೆಂದೆ, "ಸಾಹೇಬ್ರ, ಅದು ಗೇಟಿನ ಭಾಗ ಅಲ್ರಿ."

"ಕಂಡದ್ದು ಬರೀತೀನಿ. ಇದ್ದದ್ದು ಬಿಟ್ಟು ಒಮ್ಮಿ ಸುಟಗೊಂಡೀನಿ. ಬ್ಯಾಡಂದ್ರ ಬಿಚ್ಚಿ ತಗೀರಿ ಸಾವ್ಕಾರ್ರ, ಬರಿಯಂಗಿಲ್ಲ."

"ಬಿಚ್ಚೋದು!" ಚಂದ್ರಾಮಪ್ಪ ಹಾವು ತುಳಿದವನ ಹಾಗೆ ಹಾರಿದ. "ಅಮಾಸಿ ಆಗೋ ಮಟ ಯಾರೂ ಕೈ ಹಚ್ಚಂಗಿಲ್ಲ ಅದಕ್ಕ."

"ಹಂಗಾದ್ರ ಅಮಾಸಿ ಆದ ಮ್ಯಾಲ ಬರದ್ರಾತು ತಗೋರಿ," ಎಂದೆ.

"ಅಷ್ಟೊತ್ತಿಗೆ ಆ ಲೋಹಾರಗ ಯಾರರ ಬುದ್ಧಿ ಹೇಳಿ ಅವಾ ಮೊದಲ ಮದ್ರಾಸಿಗೆ ಹ್ವಾದ್ರ? ನೀ ಹೋಗಿ ಹೇಳಾವನೇನು ಮತ್ತ? ಬರೀರಿ ರಂಗಣ್ಣ, ಅದನ್ನೂ ಬರೀರಿ. ಮದ್ರಾಸಿನ್ಯಾಗ ನೆದರ್ ಹಾಕೋ ಮಂದಿ ಇಲ್ಲೇನು? ನಕ್ಷಾದಾಗೂ ಇರಲಿ ಅದು. ಕಾಯತದ."

"ಸಾವ್ಕಾರ್ರ, ನೋಡಿದವರು ಏನಂದಾರು..."

"ಏ ಯಂಕಣ್ಣ, ನೀ ಬಟ್ಟಿ ಹಿಡಿ."

ಬಟ್ಟೆ ಹಿಡಿದೆ. ಹೇಳುವುದು ಹೇಳಿಯಾಗಿತ್ತು. ಒಬ್ಬನಿಗೆ ನೆದರಿನ, ಕಣ್ಣು ಬೀಳುವ ಹೆದರಿಕೆ, ಇನ್ನೊಬ್ಬನಿಗೆ ಹನುಮಪ್ಪನ ಕಟ್ಟೆಯ ಹೆದರಿಕೆ. ಇವರ ನಡುವೆ ಮಾತಾಡಿ ಬಾಯಿ ಒಣಗಿಸಿಕೊಳ್ಳುವುದಕ್ಕಿಂತ ಬಟ್ಟೆ ಹಿಡಿಯುವುದು ವಾಸಿ.

ಗೇಟಿನ ಮೇಲೆ ಕಟ್ಟಿದ್ದ ಹಣ್ಣು ಅಷ್ಟೊತ್ತಿಗೆ ಬಾಡಿ ಒಂದು ಮಗ್ಗುಲು ಕುಸಿದಿತ್ತು. ನಕ್ಷೆಯಲ್ಲಿ ಕುಸಿಯಲಿಲ್ಲ. ರಂಗಣ್ಣ ಅದನ್ನು ಕಂಪಾಸ್ ಹಚ್ಚಿ ಎಳೆದ. ನಿಂಬೆಹಣ್ಣನ್ನು ಕಂಪಾಸಿನಿಂದ ಬರೆದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮೆಣಸಿನಕಾಯಿಗಳು ಗೆರೆ ಎಳೆಯುವ ಪೆನ್ನಿನಲ್ಲಿ ಬಿದ್ದು, ಪಂಪಿನೊಳಗಿನ ರೆಕ್ಕೆಗಳ ಹಾಗೆ ಚೂಪಾಗಿ ಸಾಲು ನಿಂತವು. ಅಲ್ಲಿಗೇ ಬಿಡಲಿಲ್ಲ. ವಸ್ತುವನ್ನು ಉದ್ದಕ್ಕೆ ಸೀಳಿದರೆ ಒಳಗೆ ಹೇಗೆ ಕಾಣುತ್ತದೆಂದು ತೋರಿಸುವ ಇನ್ನೊಂದು ಹಾಳೆ ಬೇಕಿತ್ತು. ತಟ್ಟೆ ಸೀಳಿದ, ಕೀಲು ಸೀಳಿದ, ಡಬ್ಬಿ ಸೀಳಿದ. ಗೆರೆ ನಿಂಬೆಹಣ್ಣಿನ ಮೇಲೂ ಹಾದುಹೋಗುತ್ತಿತ್ತು, ಅದನ್ನೂ ಸೀಳಿದ. ಬೀಜ ಬರೆಯಲಿಲ್ಲ, ಅಷ್ಟು ಪುಣ್ಯ. ಗಟ್ಟಿ ಕಬ್ಬಿಣಕ್ಕೆ ತುಂಬುವ ಓರೆಗೆರೆಗಳನ್ನೇ ಅದಕ್ಕೂ ತುಂಬಿದ. ಬೋಲ್ಟು, ಮೊಳೆಗಳಿಗೆಲ್ಲ ಕೊಟ್ಟು ಹತ್ತು ನಂಬರು ಮುಗಿದಿದ್ದವು. ಇದಕ್ಕೂ ಒಂದು ಸಣ್ಣ ಗೆರೆ ಹೊರಗೆಳೆದು ತುದಿಗೆ ನಂಬರು ಕೊಟ್ಟ: ಹನ್ನೊಂದು.

ಚಂದ್ರಾಮಪ್ಪ ಮೂಲೆಯಲ್ಲಿ ಸಹಿ ಹಾಕಿದ. ಸಹಿಯ ಬಾಲ ಎಷ್ಟು ಉದ್ದ ಬಂತೆಂದರೆ ಡಬ್ಬಿಗೆ ಹೋಗಿ ತಾಕಿತು. ನಾನು ಬ್ಲೇಡಿನಿಂದ ಮೆಲ್ಲಗೆ ಹೆರೆದು ಹೆರೆದು ಅದನ್ನು ತೆಗೆದೆ. ಇನ್ನೊಮ್ಮೆ ಹಾಕ್ರಿ ಎಂದರೆ ಇನ್ನೂ ಉದ್ದ ಹಾಕಿದ. ಮತ್ತೆ ಹೆರೆದೆ.

ನಕ್ಷೆ ಮದ್ರಾಸಿಗೆ ಹೋಯಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಏಜೆಂಟನ ತಂತಿ ಬಂತು, ಮಾತಾಡಬೇಕು ಅಂತ. ಅವತ್ತು ಶಾಯಿ ಸೀಸೆ ತರಲು ರಂಗಣ್ಣನ ಸಂಗಡ ನಾನೂ ಶಹಾಪುರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ಹೊಸದಾಗಿ ಎಸ್‌ಟಿಡಿ ಬೂತ್ ತೆರೆದಿದ್ದರು; ಚಂದ್ರಾಮಪ್ಪನ ಮನೆಯ ಫೋನಿನಿಂದ ಮದ್ರಾಸಿಗೆ ನೇರ ಲೈನು ಸಿಗುತ್ತಿರಲಿಲ್ಲ. ಗಾಜಿನ ಡಬ್ಬಿಯೊಳಗೆ ರಂಗಣ್ಣ ಫೋನು ಹಿಡಿದು ಇಂಗ್ಲಿಷ್ ಮಾತಾಡುವುದು, ಚಂದ್ರಾಮಪ್ಪ ಅವನ ಹೆಗಲ ಮೇಲೆ ಗದ್ದ ಊರಿ ನಿಲ್ಲುವುದು. ಬಾಗಿಲು ಮುಚ್ಚಲು ಜಾಗ ಸಾಲದೆ ಮಾತೆಲ್ಲ ಹೊರಗೆ.

"ಸಾವ್ಕಾರ್ರ, ಹನ್ನೊಂದು ನಂಬರಿಂದು ಏನು, ಅದರ ಕೆಲಸ ಏನು ಅಂತ ಕೇಳಾಕತ್ತಾರ."

ಚಂದ್ರಾಮಪ್ಪನ ಮುಖ ಬಿಳಿಚಿತು. "ನಿಂಬಿಹಣ್ಣ ಅಂತ ಹೇಳಬ್ಯಾಡ್ರಿ ಮತ್ತ. ಹಳ್ಳಿ ಗಮಾರ ಅಂತಾರ."

"ಏನಂತ ಹೇಳಲಿ? ಜಲ್ದಿ ಹೇಳ್ರಿ."

"ಅದು ಇಲ್ಲಾಂದ್ರ ಗೇಟ್ ನಡಿಯಂಗಿಲ್ಲ ಅನ್ರಿ. ಅದ ಮುಖ್ಯ ಅನ್ರಿ."

"ಮುಖ್ಯ ಅನ್ಲಾ?"

"ಎಲ್ಲಾದಕ್ಕಿಂತ ಮುಖ್ಯ!"

ರಂಗಣ್ಣ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದ. ಅತ್ತ ಕಡೆಯವನಿಗೆ ಬಹಳ ಖುಷಿಯಾದಂತೆ ಕಂಡಿತು. ತೇಲುವ ಡಬ್ಬಿಯನ್ನು ಅವನು ಎಲ್ಲೋ ನೋಡಿರಬಹುದು, ಡಬ್ಬಿಯ ಪಕ್ಕದಲ್ಲಿ ರೆಕ್ಕೆ ಹಚ್ಚಿದ ಗಟ್ಟಿ ಗುಂಡನ್ನು ಯಾರೂ ನೋಡಿರಲಿಲ್ಲ. ಹೊಸತು ಸಿಕ್ಕಿತು ಅವನಿಗೆ. ಹೊರಗೆ ಬಂದ ಚಂದ್ರಾಮಪ್ಪ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಮರ್ಯಾದಿ ಉಳೀತು," ಎಂದ.

ಪೇಟೆಂಟಿನ ಕಾಗದ ಬರಲು ವರ್ಷಗಳೇ ಹಿಡಿದವು. ನಾನು ಕೆಲಸದಿಂದ ಇಳಿದು ಶಹಾಪುರದಲ್ಲಿ ಮಗಳು ಮಲ್ಲಿಕಮ್ಮನ ಮನೆ ಸೇರಿದ್ದೆ. ಮುದ್ರೆ ಬಿದ್ದ ಪೇಟೆಂಟು ಬಂದ ದಿನ ಚಂದ್ರಾಮಪ್ಪ ಬಾಜಾ ಬಾರಿಸಿದ. ಕಾಗದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತನ್ನ ತಂದೆಯ ಫೋಟೋ ಇದ್ದ ಮೊಳೆಗೆ ನೇತುಹಾಕಿದ, ತಂದೆಯನ್ನು ಪಕ್ಕದ ಗೋಡೆಗೆ ಸರಿಸಿದ. ಪೈಪಿನ ಶೆಡ್ಡಿನಲ್ಲಿ ಗೇಟು ಮಾಡಿಸಲು ನಿಂತ. ತಗಡು ತೆಳ್ಳಗೆ, ಬೆಸುಗೆ ಇನ್ನೂ ತೆಳ್ಳಗೆ. ಡಬ್ಬಿಯಲ್ಲಿ ನೀರು ಸೇರಿ ಮುಳುಗಿದರೆ ಗೇಟು ಬಾಯಿ ತೆರೆದುಕೊಂಡೇ ಇರುತ್ತಿತ್ತು, ಅದರ ಯಜಮಾನನ ಹಾಗೆ. ಯಾರೂ ಕೊಳ್ಳಲಿಲ್ಲ. ಕೊಳ್ಳುವವರೆಲ್ಲ ಅಮೀನುದ್ದೀನನ ಕಡೆಗೇ ಹೋಗುತ್ತಿದ್ದರು. ಆಗ ಅವನಿಗೆ ವಕೀಲರ ನೋಟೀಸು ಹೋಯಿತು.

ಅಮೀನುದ್ದೀನ ನೇರ ನನ್ನ ಕಡೆ ಬಂದ. ಕೈಗೆ ಮಸಿ ಇರಲಿಲ್ಲ. ಅವನ ಕೈಯನ್ನು ಮಸಿಯಿಲ್ಲದೆ ನೋಡಿದ್ದು ಹಬ್ಬದ ದಿನ ಬಿಟ್ಟರೆ ಅವತ್ತೇ.

"ಕಾಕಾ, ಒಲಿ ಆರಿಸಿ ಬಂದೀನಿ. ಕೆಲಸದವರ್ನೂ ಮನಿಗಿ ಕಳಸೀನಿ. ನನ್ನ ಗೇಟು ನಾ ಬಡದ್ರ ನಾ ಚೋರ್ ಅಂತ!"

"ಕುಂದ್ರು ಮೊದಲ. ಚಾ ಕುಡಿ."

"ಚಾ ಎಲ್ಲಿ ಇಳೀತದ ಕಾಕಾ. ಕಾಲುವಿಗೆ ನೀರು ಬಿಡೋ ಟೈಮ್ ಬಂತು, ಮಂದಿ ಗೇಟ್ ಕೇಳಾಕತ್ತಾರ. ಇದೊಂದು ಬಂದ್ ಆದ್ರ ನಾ ಏನ್ ಮಾಡ್ಲಿ? ಅವನ ಶೆಡ್ಡಿನ್ಯಾಗ ಕೂಲಿ ಹೋಗ್ಲಾ? ಅದಕ್ಕಿಂತ ಊರು ಬಿಡ್ತೀನಿ."

"ನೀನ ಮೊದಲ ಮಾಡಿದ್ದು ಅಂತ ನಾಕು ಮಂದಿ ಹೇಳಂಗಿಲ್ಲೇನು?"

"ಹೇಳತೀವಿ ಅಂತಾರ. ಕೋರ್ಟ್ ಅಂದ ಕೂಡಲೆ ಎಲ್ಲಾರ್ಗೂ ಹೊಲದಾಗ ಕೆಲಸ ಬರತಾವ." ನನ್ನ ಮುಖ ನೋಡಿದ. "ನೀವು ಅಲ್ಲೇ ಇದ್ರಂತಲ್ಲ. ನಕ್ಷಾದಾಗ ಏನೇನ್ ಬರದಾರ?"

ಎಲ್ಲ ಹೇಳಿದೆ, ನಿಂಬೆಹಣ್ಣಿನದೂ ಹೇಳಿದೆ. ಮೊದಲು ನಂಬಲಿಲ್ಲ, ಆಮೇಲೆ ಒಂದು ಗಳಿಗೆ ನಕ್ಕ. ನಗು ಬಹಳ ಹೊತ್ತು ಇರಲಿಲ್ಲ.

"ನಿಂಬಿಹಣ್ಣ ಒತ್ತಟ್ಟಿಗಿರ್ಲಿ ಬಿಡ್ರಿ. ತಟ್ಟಿ ಬರದಾರ, ತೋಳು ಬರದಾರ, ಡಬ್ಬಿ ಬರದಾರ. ನನ್ನ ಮುಗಸಾಕ ಅಷ್ಟು ಸಾಕಲ್ಲ."

ನನಗೂ ಹಾಗೇ ಅನ್ನಿಸಿತು. ಕಾಯಿದೆ ಅವನಿಗೂ ತಿಳಿಯದು, ನನಗೂ ತಿಳಿಯದು.

ಮುಂದಿನ ವಾರ ಚಂದ್ರಾಮಪ್ಪ ಗುಲ್ಬರ್ಗಾದಿಂದ ವಕೀಲರನ್ನು ಕರೆಸಿದ. ದಾವೆ ಹಾಕುವ ಮೊದಲು ಲೋಹಾರನ ಗೇಟನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ವಕೀಲರೇ ಹೇಳಿದ್ದರಂತೆ. ಕಾರು ಕುಲುಮೆಯ ಮುಂದೆ ನಿಂತ ಕೂಡಲೇ ರಸ್ತೆಯ ಮಂದಿಯೆಲ್ಲ ಕೂಡಿದರು. ಚಂದ್ರಾಮಪ್ಪ ಇಸ್ತ್ರಿ ಅಂಗಿ ತೊಟ್ಟಿದ್ದ. ನಕ್ಷೆ ಬಿಡಿಸಿ ತೋರಿಸಲೆಂದು ರಂಗಣ್ಣನನ್ನೂ ಕರೆತಂದಿದ್ದ. ಆರಿದ ಒಲೆಯ ಪಕ್ಕದಲ್ಲಿ ಅಮೀನುದ್ದೀನ ಕೈಕಟ್ಟಿ ನಿಂತಿದ್ದ, ನಾನು ಅವನ ಹಿಂದೆ.

ವಕೀಲರು ವಯಸ್ಸಾದವರು, ಹೆಚ್ಚು ಮಾತಿಲ್ಲ. ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕುಂತು, ಪೇಟೆಂಟಿನ ಕಾಗದ ಓದುತ್ತ ಒಂದೊಂದೇ ಭಾಗ ಮುಟ್ಟಿ ನೋಡಿದರು.

"ಪೈಪಿನ ಬಾಯಿಗೆ ತಟ್ಟಿ. ಅದ."

"ಅದಲ್ರಿ ಮತ್ತ!" ಎಂದ ಚಂದ್ರಾಮಪ್ಪ, ಮಂದಿಯ ಕಡೆ ತಿರುಗಿ.

"ಕೀಲು. ಅದ. ತೋಳು. ಅದ. ತೇಲೋ ಡಬ್ಬಿ. ಅದೂ ಅದ."

ಪ್ರತಿ ಸಲವೂ ಅಮೀನುದ್ದೀನನ ತಲೆ ಸ್ವಲ್ಪ ಕೆಳಗಿಳಿಯುತ್ತಿತ್ತು, ಚಂದ್ರಾಮಪ್ಪನದು ಸ್ವಲ್ಪ ಮೇಲೇರುತ್ತಿತ್ತು. ವಕೀಲರು ಹಾಳೆ ತಿರುವಿದರು, ಕನ್ನಡಕ ಸರಿಮಾಡಿಕೊಂಡರು, ಎದ್ದು ಗೇಟಿನ ಆಚೆ ಬದಿಗೆ ಹೋಗಿ ಬಗ್ಗಿ ನೋಡಿದರು.

"ಹನ್ನೊಂದು ಎಲ್ಲದ?"

ವಕೀಲರು ಕಾಗದದ ಮೇಲೆ ಬೆರಳಿಟ್ಟು ಓದಿದರು.

"ತೋಳಿನ ತುದೀಗಿ ದಾರದಿಂದ ಇಳಿಬಿಟ್ಟ ಗಟ್ಟಿ ಗುಂಡು, ಅದರ ಮ್ಯಾಲ ಸಾಲಾಗಿ ಚೂಪನ್ನ ರೆಕ್ಕಿ. ಅದಿಲ್ಲದ ಗೇಟು ನಡಿಯೋದ ಇಲ್ಲ, ಅದ ಈ ಶೋಧದ ಮುಖ್ಯ ಅಂಗ ಅಂತ ಪೇಟೆಂಟಿನ ಮೊದಲನೇ ಹಕ್ಕಿನ ಸಾಲಿನ್ಯಾಗ ಬರದಾರ. ಎಲ್ಲದ ಅದು?"

ಚಂದ್ರಾಮಪ್ಪ ರಂಗಣ್ಣನನ್ನು ನೋಡಿದ. ರಂಗಣ್ಣ ಆರಿದ ಒಲೆಯಲ್ಲಿ ಏನೋ ಬಿದ್ದಿದೆಯೆಂಬಂತೆ ಅದನ್ನೇ ನೋಡುತ್ತಿದ್ದ.

"ಅದು ಗುಂಡು ಅಲ್ರಿ," ಎಂದ ಚಂದ್ರಾಮಪ್ಪ.

"ಮತ್ತೇನು?"

"ಅದು... ಕಣ್ಣು ಬೀಳಬಾರದಂತ ಕಟ್ಟೋದ್ರಿ."

"ಯಾರ ಕಣ್ಣು?"

ಅಮೀನುದ್ದೀನನ ಬಾಯಿಂದ ಎಲ್ಲ ಕೇಳಿದ್ದ ಕಬ್ಬಿನ ಹಾಲಿನ ಗಾಡಿಯ ಚಾಂದಪಾಶಾ ಹಿಂದಿನಿಂದ ಕೂಗಿದ: "ನಿಂಬಿಹಣ್ಣ್ರೀ ವಕೀಲ್ ಸಾಹೇಬ್ರ! ಮ್ಯಾಲಿನ ರೆಕ್ಕಿ ಮೆಣಸಿನಕಾಯಿ!"

ಮಂದಿ ನಕ್ಕದ್ದು ಬಸ್‌ಸ್ಟ್ಯಾಂಡಿಗೆ ಕೇಳಿರಬೇಕು. ವಕೀಲರು ನಗಲಿಲ್ಲ. ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದ ಮರದ ತುಂಡಿನ ಮೇಲೆ ಕುಂತು, ಕನ್ನಡಕ ತೆಗೆದು, ಚಂದ್ರಾಮಪ್ಪನನ್ನು ನೋಡಿದರು. ನಾನು ಬಹಳ ಸಾಹೇಬರನ್ನು ಕಂಡಿದ್ದೇನೆ, ಒಬ್ಬ ಮನುಷ್ಯನನ್ನು ಅ‌ಷ್ಟು ನಿಧಾನವಾಗಿ ನೋಡಿದವರನ್ನು ಕಂಡಿಲ್ಲ.

"ಚಂದ್ರಾಮಪ್ಪನವರ, ಈ ಕಾಗದದಾಗ ನಿಮ್ಮ ಹಕ್ಕು ಏನದಂದ್ರ, ತಟ್ಟಿ, ಕೀಲು, ತೋಳು, ಡಬ್ಬಿ ಮತ್ತ ಈ ನಿಂಬಿಹಣ್ಣು, ಇಷ್ಟೂ ಕೂಡಿದ ಗೇಟ್ ಬ್ಯಾರೆಯವರು ಮಾಡಬಾರದು. ಒಂದು ಕಮ್ಮಿ ಆದ್ರೂ ಅದು ನಿಮ್ಮ ಗೇಟ್ ಅಲ್ಲ. ಇವನ ಗೇಟಿನ್ಯಾಗ ನಿಂಬಿಹಣ್ಣಿಲ್ಲ. ಇವನ ಕೈ ಹಿಡಿಯಾಕ ಬರಂಗಿಲ್ಲ."

"ಅದೊಂದು ಹೊಡದು ಹಾಕ್ರಿ ಸಾಹೇಬ್ರ. ಗೆರಿ ಎಳದ್ರಾತು."

"ಮುದ್ರಿ ಬಿದ್ದ ಮ್ಯಾಲ ಹಕ್ಕು ಸಣ್ಣದು ಮಾಡಕೋಬಹುದು, ದೊಡ್ಡದು ಮಾಡಕೊಳ್ಳಾಕ ಕಾಯ್ದಾ ಬಿಡಂಗಿಲ್ಲ. ಎಲ್ಲಾದಕ್ಕಿಂತ ಮುಖ್ಯ ಅಂತ ಹೇಳಿದವರು ನೀವ ಅಲ್ಲೇನು?"

"ನಾ ಹೇಳಿದ್ದು ರಂಗಣ್ಣಗ..."

"ನೀವು ಹೇಳಿದ್ದು ನಾ ಇಂಗ್ಲಿಷ್ ಮಾಡೀನಿ ಅಷ್ಟ," ಎಂದ ರಂಗಣ್ಣ ಒಲೆಯ ಕಡೆಯಿಂದಲೇ. "ನಕ್ಷಾ ಬರೋಬ್ಬರಿ ಅದ. ಕಂಡಂಗ ಬರದೀನಿ."

ಅವನ ಮಟ್ಟಿಗೆ ಅಲ್ಲಿಗೆ ಎಲ್ಲ ಸರಿಯಾಗಿತ್ತು.

ಚಂದ್ರಾಮಪ್ಪ ಇನ್ನೂ ಬಿಡಲಿಲ್ಲ. "ಹಂಗಾದ್ರ ನಿಂಬಿಹಣ್ಣ ಕಟ್ಟಿ ಯಾವನರ ಗೇಟ್ ಮಾಡಿದ್ರ?"

"ಅವನ್ನ ಹಿಡೀಬಹುದು," ಎಂದರು ವಕೀಲರು.

ಆಗ ಅಮೀನುದ್ದೀನ ಮೊದಲ ಸಲ ಬಾಯಿ ತೆರೆದ. "ನಮ್ಮ ಮನ್ಯಾಗ ನಿಂಬಿಹಣ್ಣ ಷರಬತ್ತಿಗೆ ಹಾಕ್ತೀವ್ರಿ ಸಾಬ. ಬಿಸಲಾಗ ಬಂದೀರಿ, ತರಸ್ಲಾ?"

ವಕೀಲರು ಕುಡಿದರು. ಚಂದ್ರಾಮಪ್ಪ ಒಲ್ಲೆ ಎಂದ. ಸಂಜೆಯ ಹೊತ್ತಿಗೆ ಕುಲುಮೆಯಲ್ಲಿ ಮತ್ತೆ ಬೆಂಕಿ ಬಿತ್ತು, ಕಳಿಸಿದ್ದ ಕೆಲಸದವರನ್ನು ಕರೆಸಿ ಅಮೀನುದ್ದೀನ ತಟ್ಟೆ ಕಾಯಿಸಲು ಕುಂತ.

ಬುದ್ಧಿ ಇದ್ದವನು ಅಲ್ಲಿಗೆ ಬಿಡುತ್ತಿದ್ದ. ಚಂದ್ರಾಮಪ್ಪ ವಕೀಲರ ಕಡೆಯ ಮಾತನ್ನು ಹಿಡಿದುಕೊಂಡ. ನಮ್ಮ ಕಡೆಯ ರೈತರಲ್ಲಿ ಹೊಸ ಮಾಲಿಗೆ ನಿಂಬೆಹಣ್ಣು ಕಟ್ಟುವವರು ಇದ್ದೇ ಇರುತ್ತಾರೆ. ಒಂದು ಸಿಕ್ಕರೂ ಸಾಕೆಂದು ಅಮಾವಾಸ್ಯೆ ಬಂದಾಗ ಕಾಲುವೆ ದಂಡೆಯ ಮೇಲೆ ತಿರುಗಲು ಶುರುಮಾಡಿದ. ಬಿಳಿ ಧೋತರ ಎತ್ತಿ ಕಟ್ಟಿ, ಪ್ರತಿ ತೂಬಿನಲ್ಲೂ ಬಗ್ಗಿ ಬಗ್ಗಿ ನೋಡುವುದು. ಒಂದು ಸಲ ನಾನೇ ಕಂಡೆ. ಬಟ್ಟೆ ಒಗೆಯುತ್ತಿದ್ದ ಹನುಮಮ್ಮ ಎಂಬ ಹೆಂಗಸು ಕೇಳಿದಳು:

"ಸಾವ್ಕಾರ್ರ, ಏನ್ ಕಳಕೊಂಡೀರಿ?"

"ಏನಿಲ್ಲವಾ. ಈ ಗೇಟಿಗೆ ಯಾರರ ನಿಂಬಿಹಣ್ಣ ಕಟ್ಟ್ಯಾರೇನು ನೋಡಾಕತ್ತೀನಿ."

"ಅಯ್ಯ, ನಿಂಬಿಹಣ್ಣಿಗೆ ಇಲ್ಲಿ ತನಕ ಬಂದೀರೇನು? ಸಂತ್ಯಾಗ ಗುಂಪಿ ಹಾಕ್ಯಾರಲ್ರಿ!"

ಕಲ್ಲಿನ ಮೇಲಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದರು.

ಸುದ್ದಿ ಹಬ್ಬಿತು. ಅಮೀನುದ್ದೀನ ಗೇಟು ಕೊಡುವಾಗಲೇ ಹೇಳುತ್ತಿದ್ದ: "ನಿಮ್ಮ ಎತ್ತಿಗೆ ಕಟ್ರಿ, ಬಾಗಲಿಗೆ ಕಟ್ರಿ, ಇದಕ್ಕ ಕಟ್ಟಬ್ಯಾಡ್ರಿ. ಸಾವ್ಕಾರ ಕೇಸ್ ಹಾಕ್ತಾನ." ಮಂದಿ ಕಟ್ಟುವುದು ಬಿಟ್ಟರು. ಆ ಸಾಲಿನ ತೂಬುಗಳಲ್ಲಿ ಕರಿದಾರ ಕಟ್ಟಿದ ಗೇಟು ಒಂದೇ ಉಳಿಯಿತು, ಅದು ಚಂದ್ರಾಮಪ್ಪನ ಹೊಲದ್ದು. ತನ್ನ ಮೇಲೆ ತಾನೇ ದಾವೆ ಹಾಕಲು ಬರುತ್ತದೆಯೇ ಎಂದು ಅವನು ವಕೀಲರಿಗೆ ಕೇಳಲಿಲ್ಲ, ಅದೊಂದು ಬಾಕಿ ಇತ್ತು.

ಶೆಡ್ಡಿನ ಗೇಟುಗಳು ತುಕ್ಕು ಹಿಡಿದವು. ಅವುಗಳ ಹಿಂದೆ ಪೈಪಿನ ಕೆಲಸವೂ ಹೋಯಿತು. ಹೊಸ ಟೆಂಡರಿನ ಮಾತಿಗೆ ಆಫೀಸಿಗೆ ಹೋದರೆ ಜವಾನನೂ, "ಬರ್ರಿ ಹನ್ನೊಂದು ನಂಬರ್, ಕುಂದರ್ರಿ," ಎನ್ನುತ್ತಿದ್ದನಂತೆ. ಅದನ್ನು ತಡೆದುಕೊಳ್ಳಲು ಆಗಲಿಲ್ಲ ಅವನಿಗೆ. ಊರವರ ಪೈಪು ಒಡೆದಾಗ ಆಗದ ನಾಚಿಕೆ ಇದಕ್ಕಾಯಿತು. ಶೆಡ್ಡು ಮಾರಿದ. ಯಾದಗಿರಿಯಲ್ಲಿ ಹೆಂಡತಿಯ ಅಣ್ಣನ ಕಿರಾಣಿ ಅಂಗಡಿ ಇತ್ತು, ಅಲ್ಲಿ ಗಲ್ಲಾ ಮೇಲೆ ಕುಂದ್ರುವ ಮಾತಾಯಿತಂತೆ.

ಲಾರಿಗೆ ಸಾಮಾನು ಹೇರುವಾಗ ಕೈ ಹಚ್ಚಲು ಯಾರೂ ಹೋಗಲಿಲ್ಲ. ಅಮೀನುದ್ದೀನನ ಕುಲುಮೆಯ ಮುಂದೆಯೇ ಲಾರಿ ಹಾದುಹೋಗಬೇಕಿತ್ತು. ಅವನು ಕಾದ ತಟ್ಟೆ ಇಕ್ಕಳದಲ್ಲಿ ಹಿಡಿದಿದ್ದ, ತಣ್ಣಗಾದರೆ ಕೆಡುತ್ತದೆಂದು ತಲೆ ಎತ್ತಲಿಲ್ಲ. ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲಿಂದ ನೋಡಿದವನು ನಾನೊಬ್ಬ. ಚಂದ್ರಾಮಪ್ಪ ಶಹಾಪುರ ಬಿಟ್ಟು ಹೋದದ್ದು ಹೀಗೆ.